ಇಳಿಸುವವರಿಲ್ಲದ ಪಲ್ಲಕ್ಕಿ

ಬಾಗಿಲ ಮೇಲೆ ಗಾಲಿಕುರ್ಚಿಯ ಚಿತ್ರವಿತ್ತು. ಹೊಸದಾಗಿ ಅಂಟಿಸಿದ, ಇನ್ನೂ ಅಂಚು ಕೂಡ ಎದ್ದಿರದ ನೀಲಿ ಚಿತ್ರ. ಅದರ ಕೆಳಗೆ ಬೀಗವಿತ್ತು. ವಸ್ತುಸಂಗ್ರಹಾಲಯದ ಕಾವಲುಗಾರ ಕೀಲಿ ಹುಡುಕಿ ತರುವವರೆಗೂ ಬೇಡಮ್ಮ ಗೋಡೆಗೊರಗಿ ಕಾದರು. ಬಾಗಿಲು ತೆರೆದಾಗ ಎಲ್ಲಕ್ಕಿಂತ ಮೊದಲು ಹೊರಬಂದದ್ದು ಒದ್ದೆ ಪೊರಕೆಯ ವಾಸನೆ. ಕಮೋಡಿನ ಮೇಲೆ ಬಣ್ಣದ ಡಬ್ಬಿಗಳು. ಹಿಡಿದುಕೊಳ್ಳಲೆಂದು ಗೋಡೆಗೆ ಜಡಿದ ಉಕ್ಕಿನ ಸರಳಿನ ಮೇಲೆ ಯಾರೋ ಒಣಹಾಕಿದ ಬನಿಯನ್ನು. ಮೂಲೆಯಲ್ಲಿ ಯಾವುದೋ ಹಳೆಯ ಪ್ರದರ್ಶನದ ಹರಿದ ಬ್ಯಾನರು, ಅದರ ಮಡಿಕೆಯಲ್ಲಿ ಸತ್ತ ಜಿರಳೆ.

“ಯಾರೂ ಬರಲ್ಲ ಮೇಡಂ,” ಎಂದ ಕಾವಲುಗಾರ, ಸಂಕೋಚದ ಸುಳಿವಿಲ್ಲದೆ. “ಸುಮ್ನೆ ಖಾಲಿ ಬಿದ್ದಿತ್ತು. ಅದಕ್ಕೇ ಸಾಮಾನು ಇಟ್ವಿ.”

“ಸಾಮಾನು ಇಟ್ಟಿರೋ ಕಡೆ ಅವ್ರು ಬಂದು ಏನು ಮಾಡ್ಬೇಕು? ಗೋಡೆಗೆ ಬಣ್ಣ ಹೊಡೀಬೇಕಾ?”

“ಬರೋ ಹಾಗಿದ್ರೆ ಮೊದ್ಲೇ ಒಂದು ಫೋನ್ ಮಾಡ್ಲಿ. ತೆಗೆದಿಡ್ತೀವಿ.”

“ಅವಸರವಾದಾಗ ನಿನಗೆ ಫೋನ್ ಮಾಡ್ಬೇಕು, ನೀನು ಊಟ ಮುಗಿಸಿ ಬರ್ಬೇಕು. ಸರಿ ಹೋಯ್ತು.” ಬೇಡಮ್ಮ ಹೊರಗೆ ಬಂದು, ವ್ಯಾನಿಗೆ ಒರಗಿ ನಿಂತಿದ್ದ ಚಾಲಕನಿಗೆ ಒಂದೇ ಮಾತು ಹೇಳಿದರು: “ಬೇಡ.”

ಆ ಒಂದು ಮಾತಿನಿಂದಲೇ ಅವರಿಗೆ ಆ ಹೆಸರು ಬಂದದ್ದು. ಇಟ್ಟವರು ಕಚೇರಿಯ ಚಾಲಕರು. ಕ್ರಮೇಣ ಸಂಸ್ಥೆಯ ಯಜಮಾನರೂ ಹಾಗೆಯೇ ಕರೆಯತೊಡಗಿದರು. ಬಂದರಿಗೆ ಬೆಳಿಗ್ಗೆ ಬಂದು ಸಂಜೆ ಹೊರಡುವ ಪ್ರವಾಸಿ ಹಡಗುಗಳಿಂದ ಇಳಿಯುವ ಜನರಿಗೆ ಊರು ತೋರಿಸುವ ಸಂಸ್ಥೆ ಅದು. ಇಳಿಯುವವರಲ್ಲಿ ಕೆಲವರು ಗಾಲಿಕುರ್ಚಿಯವರು, ಕೆಲವರು ಊರುಗೋಲಿನವರು, ಇನ್ನು ಕೆಲವರು ಮಂಡಿಯನ್ನು ದೇವರಂತೆ ನೋಡಿಕೊಂಡು ನಡೆಯುವವರು. ಅವರು ಒಂದು ಹಗಲು ಎಲ್ಲಿ ಹೋಗಬಹುದು, ಎಲ್ಲಿ ಕೂರಬಹುದು, ಎಲ್ಲಿ ನೀರು ಕುಡಿದು ಎಲ್ಲಿ ಅದನ್ನು ಇಳಿಸಬಹುದು ಎಂಬುದನ್ನು ನಿರ್ಧರಿಸುವುದು ಬೇಡಮ್ಮನ ಕೆಲಸ. ಸಂಸ್ಥೆಗೆ ಬೇಕಾದದ್ದು “ಹೌದು”ಗಳು. ಊರು ಅವರಿಗೆ ಕೊಡುತ್ತಿದ್ದದ್ದು ಬಹುತೇಕ “ಬೇಡ”ಗಳನ್ನೇ.

ಹೇಸಿಗೆಯ ಬಗ್ಗೆ ಬರೆದಿರುವ ಜೀವಶಾಸ್ತ್ರಜ್ಞರು ಅದನ್ನು ಬಾಯಿಯ ಕಾವಲುಗಾರನೆಂದು ಪರಿಗಣಿಸುತ್ತಾರೆ. ಕೊಳೆತದ್ದು ನಾಲಿಗೆಗೆ ತಾಗುವ ಮುನ್ನವೇ ಮೂಗು ಮುರಿಯಿಸಿ, ತುಟಿ ಸೊಟ್ಟಗಾಗಿಸಿ, ಹೊಟ್ಟೆ ತೊಳಸಿ ನಮ್ಮನ್ನು ಉಳಿಸುವ ಏರ್ಪಾಡು. ಅದು ಒಪ್ಪತಕ್ಕ ವಿವರಣೆ. ಆದರೆ ಅದೇ ಏರ್ಪಾಡು ಒಂದು ಮಾತಿನೆದುರು, ಒಂದು ನಗುವಿನೆದುರು, ಬೀಗ ಹಾಕಿದ ಬಾಗಿಲ ಮೇಲಿನ ಒಂದು ನೀಲಿ ಚಿತ್ರದೆದುರು ಏಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇನ್ನೂ ತೃಪ್ತಿಕರವಾದ ಉತ್ತರವಿಲ್ಲ. ಬೇಡಮ್ಮನಲ್ಲಿ ಅದು ಕೆಲಸ ಮಾಡುತ್ತಿತ್ತು ಎಂಬುದಂತೂ ನಿಜ. ಪ್ರವಾಸದ ಜಾಹೀರಾತಿನಲ್ಲಿ “ಎಲ್ಲರಿಗೂ ಸುಗಮ” ಎಂಬ ಪದ ಕಂಡರೆ ಅವರ ಮೇಲ್ದುಟಿ ಎಡಗಡೆಗೆ ಏಳುತ್ತಿತ್ತು. ಹಳಸಿದ ಅನ್ನದ ಪಾತ್ರೆಯ ಮುಚ್ಚಳ ತೆಗೆದವರ ತುಟಿ ಏಳುವಂತೆ.

ಈ ಮೂಗನ್ನು ಬೆಳೆಸಿದವರು ಅವರ ಸೋದರತ್ತೆ. ಚಿಕ್ಕಂದಿನ ಜ್ವರವೊಂದರಲ್ಲಿ ಸೊಂಟದ ಕೆಳಗಿನ ಶಕ್ತಿ ಕಳೆದುಕೊಂಡ ಅತ್ತೆ ಬಂದರಿನ ದೂರವಾಣಿ ವಿನಿಮಯ ಕೇಂದ್ರದಲ್ಲಿ ಕೆಲಸಕ್ಕಿದ್ದರು. ಅತ್ತಿಗೆ ಬೇಗ ತೀರಿಕೊಂಡದ್ದರಿಂದ ಅಣ್ಣನ ಮಗಳನ್ನು ಸಾಕಿದವರು ಅವರೇ. ಪ್ರತಿ ಬೆಳಿಗ್ಗೆ ಸೋದರಸೊಸೆ ಅವರ ಕುರ್ಚಿಯನ್ನು ಕಚೇರಿಯವರೆಗೆ ತಳ್ಳಿ ಅಲ್ಲಿಂದ ಶಾಲೆಗೆ ಓಡುತ್ತಿದ್ದಳು. ಬೇರೆ ಮಕ್ಕಳು ಬೀದಿಗಳನ್ನು ಅಂಗಡಿಗಳಿಂದ ಗುರುತಿಸಿದರೆ ಆಕೆ ಗುರುತಿಸಿದ್ದು ಚಕ್ರಕ್ಕೆ ಸಿಕ್ಕುವ ಚರಂಡಿಯ ಜಾಲರಿಗಳಿಂದ. ಮುಂದೆ ಮದುವೆಯಾಯಿತು. ಗಂಡ ಸರಕು ಹಡಗಿನ ಕೆಲಸಕ್ಕೆಂದು ಹೋದವನು ಮತ್ತೊಂದು ಬಂದರಿನಲ್ಲಿ ಮತ್ತೊಂದು ಸಂಸಾರ ಹೂಡಿದ. ಸೊಸೆ ಹಾಸಿಗೆ ಹಿಡಿದು ಅಳುತ್ತಿದ್ದಾಗ ಅತ್ತೆ ಕುರ್ಚಿಯನ್ನು ಮಂಚದ ಬಳಿಗೆ ತಂದು ಹೇಳಿದ್ದರಂತೆ: “ಅವನಿಗೆ ನೀನೂ ಒಂದು ಬಂದರು ಕಣೇ. ಬೆಳಿಗ್ಗೆ ಇಳಿದ, ಸಂಜೆ ಹತ್ತಿದ. ಏಳು, ಒಲೆ ಹಚ್ಚು.”

ನಿವೃತ್ತಿಯ ನಂತರ ಅತ್ತೆಯೇ ಸೊಸೆಯ ಅಳತೆಗೋಲಾದರು. ಹೊಸ ಜಾಗ ಯಾವುದಿದ್ದರೂ ಬೇಡಮ್ಮ ಮೊದಲು ಅತ್ತೆಯನ್ನು ಕರೆದೊಯ್ಯುತ್ತಿದ್ದರು. ಅತ್ತೆಯ ಬೆನ್ನು ನೋಯದೆ, ಮಾನ ಹೋಗದೆ, ಮನೆಗೆ ಮರಳಿದರೆ ಮಾತ್ರ ಆ ಜಾಗಕ್ಕೆ ಒಪ್ಪಿಗೆ. ಕಚೇರಿಯ ಉಳಿದವರ ಪದ್ಧತಿ ಬೇರೆಯಿತ್ತು. ಅವರು ಖಾಲಿ ಗಾಲಿಕುರ್ಚಿಯೊಂದನ್ನು ವ್ಯಾನಿನಲ್ಲಿ ಹಾಕಿಕೊಂಡು ಹೋಗಿ, ಚಾಲಕನ ಕೈಯಲ್ಲಿ ತಳ್ಳಿಸಿ, ಅದು ಹೋದ ಕಡೆಯೆಲ್ಲ ಮನುಷ್ಯರೂ ಹೋಗುತ್ತಾರೆಂದು ತೀರ್ಮಾನಿಸುತ್ತಿದ್ದರು. ಖಾಲಿ ಕುರ್ಚಿಗೆ ಭಾರವಿಲ್ಲ, ಭಯವಿಲ್ಲ, ಬಾಯಾರಿಕೆಯಿಲ್ಲ. ಅದು ಯಾವತ್ತೂ ದೂರು ಹೇಳಿದ್ದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅತ್ತೆಯ ಮಾತು ನಡೆದಿರಲಿಲ್ಲ. ಊರಿನ ಬೆನ್ನಿಗೆ ಒಂದು ಗುಡ್ಡವಿತ್ತು. ಅದರ ನೆತ್ತಿಯ ಮೇಲೆ ದೀಪಸ್ತಂಭ. ವಾಹನ ಹೋಗುವುದು ಅರ್ಧದವರೆಗೆ. ಮುಂದೆ ಕಲ್ಲಿನ ಮೆಟ್ಟಿಲುಗಳು, ಮಧ್ಯೆ ಮಧ್ಯೆ ಸವೆದು ಜಾರುವಂಥವು. ಬಂದರಿನಲ್ಲೇ ಆಯಸ್ಸು ಕಳೆದಿದ್ದರೂ ಅತ್ತೆ ಮೇಲಿನಿಂದ ಸಮುದ್ರ ಕಂಡವರಲ್ಲ. ಅವರು ಕೇಳಿದಾಗಲೆಲ್ಲ ಸೊಸೆಯ ಉತ್ತರ ಒಂದೇ. ಆ ಪದವನ್ನು ಮತ್ತೆ ಬರೆಯಬೇಕಾಗಿಲ್ಲ.

ಯಜಮಾನರ ಮಗಳ ಗಂಡ ಕಚೇರಿಗೆ ಬಂದದ್ದು ವಸ್ತುಸಂಗ್ರಹಾಲಯಕ್ಕೆ “ಬೇಡ” ಎಂದ ವರ್ಷವೇ. ಹಿಂದಿನಿಂದ ಎಲ್ಲರೂ ಆತನನ್ನು ಅಳಿಯದೇವರು ಎನ್ನುತ್ತಿದ್ದರು. ಅಳಿಯದೇವರಿಗೆ ವ್ಯಾಪಾರಶಾಸ್ತ್ರದ ಪದವಿಯಿತ್ತು, ಬಿಳಿ ಹಲ್ಲುಗಳಿದ್ದವು, ಮತ್ತು “ಅನುಭವ” ಎಂಬ ಪದವಿತ್ತು. ಅವರ ಪ್ರಕಾರ ಊಟ ಒಂದು ಅನುಭವ, ವ್ಯಾನಿನಲ್ಲಿ ಕೂರುವುದು ಒಂದು ಅನುಭವ, ವ್ಯಾನು ಕೆಟ್ಟು ನಿಂತರೆ ಅದು ಮರೆಯಲಾಗದ ಅನುಭವ. ಮುಂದಿನ ವಾರ ಬರುವ ಹಡಗಿನಲ್ಲಿ ಗಾಲಿಕುರ್ಚಿಯ ಪ್ರವಾಸಿಗಳ ಒಂದು ಇಡೀ ತಂಡವೇ ಇದೆಯೆಂದು ಸುದ್ದಿ ಬಂದ ದಿನ ಅವರು ಕಚೇರಿಯ ಗಾಜಿನ ಕೋಣೆಗೆ ಎಲ್ಲರನ್ನೂ ಕರೆದರು.

“ಗುಡ್ಡದ ಮೇಲೆ ಕರ್ಕೊಂಡು ಹೋಗೋಣ,” ಎಂದರು.

“ಮೆಟ್ಟಿಲಿದೆ,” ಎಂದರು ಬೇಡಮ್ಮ.

“ಅಲ್ಲೇ ಇರೋದು ಮೇಡಂ ವಿಷಯ. ಮೆಟ್ಟಿಲನ್ನ ಸಮಸ್ಯೆ ಅಂತ ನೋಡ್ತಾ ಇದೀರ. ನಾನು ಅದನ್ನ ಅವಕಾಶ ಅಂತ ನೋಡ್ತೀನಿ. ಬಂದರಿನಿಂದ ನಾಲ್ಕು ಜನ ಗಟ್ಟಿ ಹಮಾಲರನ್ನ ಕರೆಸ್ತೀವಿ. ಕೆಂಪು ನಡುಪಟ್ಟಿ ಕಟ್ಟಿಸ್ತೀವಿ. ಕುರ್ಚಿ ಸಮೇತ ಎತ್ಕೊಂಡು ಹೋಗ್ತಾರೆ. ರಾಜರ ಥರ! ಹೆಸರು ಕೂಡ ಇಟ್ಟಾಗಿದೆ: ಪಲ್ಲಕ್ಕಿ ಪಯಣ.”

ಕೋಣೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಬೇಡಮ್ಮನ ಮೇಲ್ದುಟಿ ಎದ್ದಿತು.

“ರಾಜರಿಗೆ ಕಾಲಿತ್ತು,” ಎಂದರು ಅವರು. “ಬೇಕು ಅಂದಾಗ ಇಳಿದು ನಡೀತಿದ್ರು. ಇವ್ರನ್ನ ನಾಲ್ಕು ಜನ ಹೊತ್ಕೊಂಡು ಹೋದ್ರೆ ದಾರಿಯಲ್ಲಿ ಇರೋರೆಲ್ಲ ಫೋನ್ ತೆಗೆದು ಫೋಟೋ ಹೊಡೀತಾರೆ. ಮೆರವಣಿಗೆ ಅಲ್ಲ ಇದು, ಸಾಮಾನು ಸಾಗಿಸೋದು. ಬೇಡ.”

“ಇವರಿಗೆ ಎಲ್ಲವೂ ಬೇಡ,” ಎಂದು ಅಳಿಯದೇವರು ಮಾವನ ಕಡೆ ತಿರುಗಿ ನಕ್ಕರು. ಯಜಮಾನರು ಕನ್ನಡಕ ಒರೆಸಿಕೊಂಡರು. ಒಪ್ಪಿಗೆ ಕೊಡಲು ಮನಸ್ಸಿದ್ದು ಬಾಯಿಬಿಟ್ಟು ಹೇಳಲು ಇಷ್ಟವಿಲ್ಲದಾಗ ಅವರು ಮಾಡುತ್ತಿದ್ದದ್ದು ಅದೇ.

ಮರುದಿನ ಸಂಜೆ ಬೇಡಮ್ಮ ಮನೆಗೆ ಬಂದಾಗ ಅಳಿಯದೇವರು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು ಅತ್ತೆ ಮಾಡಿಕೊಟ್ಟ ಚಹಾ ಕುಡಿಯುತ್ತಿದ್ದರು. ಬಾಗಿಲಲ್ಲಿ ನಿಂತ ಸೊಸೆಯನ್ನು ಕಂಡೂ ಅತ್ತೆ ಮಾತು ನಿಲ್ಲಿಸಲಿಲ್ಲ.

“ಆಂಟಿ ಅನ್ಬೇಡ ಮಾರಾಯ, ಅಜ್ಜಿ ಅನ್ನು. ನಿನ್ನ ಮಾವನೇ ನನಗಿಂತ ಚಿಕ್ಕವನು. ಅವನು ಮೊದಲ ಸಲ ಟ್ರಂಕ್ ಕಾಲ್ ಬುಕ್ ಮಾಡಿದಾಗ ಹೆದರಿ ನನಗೆ ನಮಸ್ಕಾರ ಹೇಳಿದ್ದ.”

“ಅಜ್ಜಿ ಅನ್ನೋಕೆ ಮನಸ್ಸು ಬರಲ್ಲ ಆಂಟಿ, ಅಷ್ಟು ಚೆನ್ನಾಗಿದೀರ. ನಿಮ್ಮ ಮುಖ ವಿಡಿಯೋದಲ್ಲಿ ಎದ್ದು ಕಾಣುತ್ತೆ.”

ಪರೀಕ್ಷೆಗೆ ಅತ್ತೆಯನ್ನೇ ಹೊತ್ತು ಗುಡ್ಡ ಹತ್ತಿಸುವುದು, ಅದನ್ನು ಚಿತ್ರಿಸಿ ಹಡಗಿನವರಿಗೆ ಕಳಿಸುವುದು, ಇದು ಅವರ ಯೋಜನೆ. ಅತ್ತೆ ಆಗಲೇ ಒಪ್ಪಿಯಾಗಿತ್ತು.

ಅಳಿಯದೇವರು ಹೋದ ಮೇಲೆ ಬೇಡಮ್ಮ ಆ ಚಹಾದ ಲೋಟವನ್ನು ತೊಳೆಯುವ ಬದಲು ಕಸದ ಬುಟ್ಟಿಗೇ ಹಾಕಿದರು.

“ಲೋಟ ಏನು ಪಾಪ ಮಾಡಿತ್ತೇ?” ಎಂದರು ಅತ್ತೆ.

“ಅತ್ತೆ, ಅವನು ನಿಮ್ಮನ್ನ ಮೂಟೆ ಥರ ಹೊರಿಸ್ತಾನೆ. ನಿಮ್ಮ ನಗು ತೋರಿಸಿ ಉಳಿದವರನ್ನೂ ಹೊರಿಸ್ತಾನೆ. ಅಸಹ್ಯ ಅನಿಸಲ್ವಾ?”

“ಅನಿಸುತ್ತೆ.” ಅತ್ತೆ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿದರು, ಅಲ್ಲಿಂದ ಕಾಣುತ್ತಿದ್ದದ್ದು ಎದುರುಮನೆಯ ನೀರಿನ ಟ್ಯಾಂಕು. “ಬಂದರಲ್ಲಿ ಕೂತು ಊರೂರಿನ ಹಡಗಿಗೆ ಲೈನ್ ಕೊಟ್ಟಿದೀನಿ. ಒಂದು ಹಡಗು ದೂರದಿಂದ ಹೇಗೆ ಬರುತ್ತೆ ಅಂತ ನೋಡಿಲ್ಲ. ಇದ್ದಕ್ಕಿದ್ದ ಹಾಗೆ ಗೋಡೆ ಥರ ಎದುರಿಗೆ ನಿಂತಿರುತ್ತೆ, ಅಷ್ಟೇ. ನೀನು ನನ್ನ ಮಾನ ಕಾಪಾಡ್ತಾ ಕಾಪಾಡ್ತಾ ನನ್ನ ಕಣ್ಣು ಮುಪ್ಪಾಯ್ತು. ಮಾನ ನಿನ್ನ ಹತ್ರ ಇರ್ಲಿ. ನಾನು ಒಂದು ಸಲ ನೋಡ್ಕೊಂಡು ಬರ್ತೀನಿ.”

ಅತ್ತೆಯ ಮೇಲೆಯೇ ಹೇಸಿಗೆ ಹುಟ್ಟಿದ್ದು ಬೇಡಮ್ಮನ ಜೀವನದಲ್ಲಿ ಅದೇ ಮೊದಲು. ಆ ಹೇಸಿಗೆಯ ಕೆಳಗೆ, ನಿಜ ಹೇಳಬೇಕೆಂದರೆ, ಅತ್ತೆ ಹೇಳಿದ್ದು ಸರಿಯಿರಬಹುದೆಂಬ ಭಯವಿತ್ತು.

ಗುಡ್ಡ ಹತ್ತಿದ್ದು ಬಿಸಿಲು ಏರುತ್ತಿದ್ದ ಹೊತ್ತಿನಲ್ಲಿ. ಮೊದಲು ಪದ್ಧತಿಯಂತೆ ಖಾಲಿ ಕುರ್ಚಿಯನ್ನು ಹೊತ್ತು ಕೆಲವು ಮೆಟ್ಟಿಲು ಹತ್ತಿ ಇಳಿದರು. ಅಳಿಯದೇವರು ಹೆಬ್ಬೆರಳು ತೋರಿಸಿದರು. ನಂತರ ಅತ್ತೆಯನ್ನು ಕೂರಿಸಿದರು. ಹಮಾಲರು ಒಳ್ಳೆಯವರು, ಹಿರಿಯನೊಬ್ಬ ಕುರ್ಚಿಯ ಯಾವ ಭಾಗ ಹಿಡಿಯಬೇಕೆಂದು ಬೇಡಮ್ಮನನ್ನೇ ಕೇಳಿ, ಹೇಳಿದಂತೆಯೇ ಹಿಡಿದ. ಕೆಂಪು ನಡುಪಟ್ಟಿ ಸಡಿಲವಾಗಿ ಮತ್ತೆ ಮತ್ತೆ ಜಾರುತ್ತಿದ್ದುದರಿಂದ ಆತ ಅದನ್ನು ಬಿಚ್ಚಿ ಜೇಬಿಗೆ ತುರುಕಿದ್ದ. “ಕಟ್ಕೊಳ್ಳಪ್ಪ, ವಿಡಿಯೋ ಇದೆ,” ಎಂದು ಅಳಿಯದೇವರು ಎರಡೆರಡು ಬಾರಿ ಹೇಳಿದರು. “ಸ್ವಾಮಿ, ಪಟ್ಟಿ ಕಾಲಿಗೆ ಸಿಕ್ಕಿದ್ರೆ ಅಮ್ಮನ ಜೊತೆ ನಾನೂ ವಿಡಿಯೋದಲ್ಲಿ ಉರುಳ್ತೀನಿ,” ಎಂದ ಆತ.

ದಾರಿಯಲ್ಲಿ ಬೇಡಮ್ಮ ಹೇಳಿದ್ದೆಲ್ಲವೂ ನಡೆಯಿತು. ಮೇಲಿನಿಂದ ಇಳಿಯುತ್ತಿದ್ದವರು ಸರಿದು ನಿಂತು ಫೋನು ಎತ್ತಿದರು. ಹೆಂಗಸೊಬ್ಬಳು “ಅಯ್ಯೋ ಪಾಪ” ಎಂದು ಗಟ್ಟಿಯಾಗಿಯೇ ಅಂದಳು. ಅಪರಿಚಿತನೊಬ್ಬ ಹಮಾಲರಿಗೆ “ಶಹಬ್ಬಾಸ್” ಎಂದ, ಅತ್ತೆಗೆ ಏನೂ ಅನ್ನಲಿಲ್ಲ. ಅತ್ತೆ ಇದಾವುದನ್ನೂ ಗಮನಿಸಲಿಲ್ಲ. ಕೊನೆಯ ತಿರುವಿನಲ್ಲಿ ಸಮುದ್ರ ಒಮ್ಮೆಗೇ ತೆರೆದುಕೊಂಡಾಗ ಅವರು ನಕ್ಕರು. ಗಂಟಲಿನಿಂದ ಸದ್ದು ಹೊರಡುವಂಥ, ಹಲ್ಲಿಲ್ಲದ ಕಡೆಯೆಲ್ಲ ಕಾಣುವಂಥ ನಗು. ದಿಗಂತದ ಗೆರೆಯ ಮೇಲೆ ಮೊದಲು ಹೊಗೆಯಂತೆ, ಆಮೇಲೆ ಕಡ್ಡಿಯಂತೆ, ಆಮೇಲೆ ಹಡಗಿನಂತೆ ಒಂದು ಹಡಗು ಮೂಡಿತು. ಭೂಮಿಯ ಬಾಗು ಪಠ್ಯಪುಸ್ತಕದ ಚಿತ್ರವಾಗಿರದೆ ಕಣ್ಣೆದುರು ನಡೆಯುವ ಸಂಗತಿಯಾಗುವುದು ಇಂಥ ಎತ್ತರದಲ್ಲೇ. “ಹೀಗಾ ಬರೋದು!” ಎಂದರು ಅತ್ತೆ. ಅಳಿಯದೇವರು ಎಲ್ಲವನ್ನೂ ಚಿತ್ರಿಸಿಕೊಂಡರು. ಎಲ್ಲರಿಗೂ ನಿಂಬೆಹಣ್ಣಿನ ಪಾನಕ ಹಂಚಿದರು. ಹೊರಗೆ ಹೊರಟ ದಿನ ಬೆಳಗಿನಿಂದ ತೊಟ್ಟು ನೀರನ್ನೂ ಮುಟ್ಟದಿರುವುದು ಅತ್ತೆಯ ಜೀವಮಾನದ ಶಿಸ್ತು. ಅಂದು ಸಂತೋಷದಲ್ಲಿ ಅದನ್ನು ಮರೆತರು. ಲೋಟ ಬರಿದು ಮಾಡಿ ಇನ್ನೊಂದು ಕೇಳಿದರು.

ಇಳಿಯುವ ಮಾತು ಬಂದಾಗ ಹಮಾಲರು ಇರಲಿಲ್ಲ.

“ಎಲ್ಲಿ ಅವ್ರು?” ಎಂದರು ಬೇಡಮ್ಮ.

“ಕಳಿಸ್ದೆ. ಬಂದರಲ್ಲಿ ಸರಕು ಇಳಿಸೋದಿತ್ತಂತೆ. ನಾವು ಮಾತಾಡಿದ್ದು ಹತ್ತಿಸೋಕೆ ತಾನೆ?” ಅಳಿಯದೇವರ ಮುಖದಲ್ಲಿ ನಿರ್ಮಲವಾದ ಆಶ್ಚರ್ಯವಿತ್ತು. “ಇಳಿಯೋದು ಏನಿದೆ ಮೇಡಂ, ಇಳಿಜಾರೇ ಅಲ್ವಾ! ಡ್ರೈವರೂ ನಾನೂ ಹಿಡ್ಕೊಂಡ್ರೆ ತಾನಾಗೇ ಇಳಿಯುತ್ತೆ.”

ಆ ಕಚೇರಿಯವರು ಮಾತ್ರ ಮಾಡಬಹುದಾದ ತಪ್ಪು ಇದು. ಅವರ ಯೋಜನೆಗಳಲ್ಲಿ ಇರುತ್ತಿದ್ದದ್ದು ನೋಡುವ ಸ್ಥಳಗಳು. ಮರಳುವುದು ನೋಡುವ ಸ್ಥಳವಲ್ಲ. ಗುರುತ್ವಾಕರ್ಷಣೆ ಕೆಳಗೆ ಎಳೆಯುತ್ತದೆ, ಆದ್ದರಿಂದ ಇಳಿಯುವುದು ಸುಲಭ ಎಂಬುದು ಭೌತಶಾಸ್ತ್ರವನ್ನು ಅರ್ಧ ಓದಿದವರ ನಂಬಿಕೆ. ಭಾರ ಹೊತ್ತು ಮೆಟ್ಟಿಲಿಳಿದ ಯಾವ ಮಂಡಿಯನ್ನು ಕೇಳಿದರೂ ಉಳಿದರ್ಧವನ್ನು ಹೇಳುತ್ತದೆ: ಎಳೆಯುವುದನ್ನು ಹೆಜ್ಜೆಹೆಜ್ಜೆಗೂ ತಡೆದು ನಿಲ್ಲಿಸಬೇಕಾದದ್ದು ಸ್ನಾಯುಗಳೇ. ಚಾಲಕ ಮೆಟ್ಟಿಲುಗಳ ಕಡೆ ನೋಡಿ ಕೈಮುಗಿದ. “ಅಕ್ಕಾ, ನನ್ನ ಬೆನ್ನು ನಿಮಗೆ ಗೊತ್ತಲ್ಲ. ನನ್ನಿಂದಾಗಲ್ಲ.”

“ಯಾರೂ ಮುಟ್ಟೋದು ಬೇಡ,” ಎಂದರು ಬೇಡಮ್ಮ. “ಅವ್ರು ಬರೋವರೆಗೂ ಕಾಯ್ತೀವಿ.”

ಬಂದರಿನ ಮೇಸ್ತ್ರಿ ಹಮಾಲರನ್ನು ಬಿಡಲು ಒಪ್ಪಲಿಲ್ಲ; ಅರ್ಧ ಇಳಿಸಿದ ಸರಕನ್ನು ಬಿಟ್ಟು ಯಾರೂ ಬರುವಂತಿರಲಿಲ್ಲ. ಬಿಸಿಲು ನೆತ್ತಿಯಿಂದ ಪಕ್ಕಕ್ಕೆ ಸರಿಯಿತು. ದೀಪಸ್ತಂಭದ ನೆರಳು ತೆಳ್ಳಗಿತ್ತು. ಬೇಡಮ್ಮ ಅದರೊಂದಿಗೇ ಕುರ್ಚಿಯನ್ನು ಸರಿಸುತ್ತ ಹೋದರು. ಅತ್ತೆ ಮೊದಲು ಮಾತು ಕಡಿಮೆ ಮಾಡಿದರು, ಆಮೇಲೆ ನಿಲ್ಲಿಸಿದರು, ಆಮೇಲೆ ಕುರ್ಚಿಯ ತೋಳುಗಳನ್ನು ಬಿಗಿಯಾಗಿ ಹಿಡಿದರು.

“ಅತ್ತೆ?”

“ಏನಿಲ್ಲ.”

ಏನೆಂಬುದು ಸೊಸೆಗೆ ತಿಳಿಯಿತು. ದೀಪಸ್ತಂಭದ ಕೆಳಗೆ ನೌಕರರ ಒಂದು ಶೌಚಾಲಯವಿತ್ತು. ಅದರ ಬಾಗಿಲು ಕುರ್ಚಿಗಿಂತ ಕಿರಿದು, ಹೊಸ್ತಿಲು ಎತ್ತರ, ಒಳಗೆ ಕುಕ್ಕುರುಗಾಲಲ್ಲಿ ಕೂರುವ ಏರ್ಪಾಡು. ಬೇಡಮ್ಮ ಅತ್ತೆಯ ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದರು. ಒಬ್ಬರ ಕೈಗೆ ಏಳುವ ಭಾರವಲ್ಲ ಅದು. ಚಾಲಕ ಮುಂದೆ ಬಂದ. “ಗಂಡಸು ಬೇಡ,” ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ. ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಕಳೆಯಿತು. ಆಮೇಲೆ ಕುರ್ಚಿಯ ಕೆಳಗಿನ ಕಲ್ಲು ಮೆಲ್ಲಗೆ ಕಪ್ಪಾಯಿತು.

ಅಳಿಯದೇವರು ಆಗ ಫೋನಿನಲ್ಲಿ ಮಾತಾಡುತ್ತ ಇತ್ತ ಬಂದವರು ನಿಂತರು. ಅವರ ಮೂಗು ಸುಕ್ಕಾಯಿತು, ಕರವಸ್ತ್ರ ಹೊರಬಂತು, ಕಾಲು ಒಂದು ಹೆಜ್ಜೆ ಹಿಂದೆ ಹೋಯಿತು. ಬಾಯಿಯ ಕಾವಲುಗಾರ ಅವರಲ್ಲೂ ಇದ್ದನೆಂದಾಯಿತು. ತಾವೇ ಹತ್ತಿಸಿ, ಕುಡಿಸಿ, ಇಳಿಸುವವರನ್ನು ಕಳಿಸಿಬಿಟ್ಟದ್ದರ ಎದುರು ಎಚ್ಚರವಾಗದ ಆ ಕಾವಲುಗಾರ, ಒಂದು ಮುದಿ ದೇಹ ಮಾಡಲೇಬೇಕಾದ ಕೆಲಸ ಮಾಡಿದಾಗ ಥಟ್ಟನೆ ಎದ್ದು ನಿಂತಿದ್ದ.

“ಪರವಾಗಿಲ್ಲ ಆಂಟಿ,” ಎಂದರು ಅಳಿಯದೇವರು, ಕರವಸ್ತ್ರದೊಳಗಿನಿಂದ. “ವಿಡಿಯೋದಲ್ಲಿ ಕಾಣಲ್ಲ.”

ಹಮಾಲರು ಬಂದಾಗ ಬೆಳಕು ಇಳಿಯುತ್ತಿತ್ತು. ಹಿರಿಯವನು ಏನೂ ಕೇಳದೆ ಕುರ್ಚಿಯ ಹಿಂಬದಿ ಹಿಡಿದ. ಅತ್ತೆ ಮುಖ ತಿರುಗಿಸಿ, “ವಾಸನೆ ಬರುತ್ತೆ ಕಣಪ್ಪ,” ಎಂದರು. “ನಾವು ಒಣಮೀನಿನ ಮೂಟೆ ಹೊರೋರು ತಾಯಿ,” ಎಂದ ಆತ. “ಮೂಗು ಯಾವತ್ತೋ ರಾಜೀನಾಮೆ ಕೊಟ್ಟಿದೆ. ತಲೆ ಹಿಂದಕ್ಕೆ ಒರಗಿಸ್ಕೊಳ್ಳಿ.” ಇಳಿಯುವಾಗ ಯಾರೂ ಚಿತ್ರ ತೆಗೆಯಲಿಲ್ಲ.

ಮನೆಯಲ್ಲಿ ಸ್ನಾನ ಮಾಡಿಸುವಾಗ ಅತ್ತೆ ಹೇಳಿದ್ದು ಒಂದೇ: “ಇದನ್ನ ಯಾರಿಗೂ ಹೇಳ್ಬೇಡ.”

ಬೇಡಮ್ಮ ಇಕ್ಕಟ್ಟಿಗೆ ಸಿಕ್ಕಿದ್ದು ಮರುದಿನ. ಕಚೇರಿಯ ಗೋಡೆಯ ದೊಡ್ಡ ಪರದೆಯ ಮೇಲೆ ಅತ್ತೆ ನಗುತ್ತಿದ್ದರು. ಹಿನ್ನೆಲೆಯಲ್ಲಿ ಸಂಗೀತ, ಕೆಳಗೆ “ಪಲ್ಲಕ್ಕಿ ಪಯಣ: ಎಲ್ಲರಿಗೂ ಸುಗಮ”. ಹಡಗಿನವರು ನೋಡಿ ಮೆಚ್ಚಿದ್ದರಂತೆ. ಇದನ್ನು ತಡೆಯಲು ಗುಡ್ಡದ ಮೇಲೆ ನಡೆದದ್ದನ್ನು ಹೇಳಲೇಬೇಕಿತ್ತು. ಹೇಳಿದರೆ ಅತ್ತೆಯ ಮಾತು ಮೀರಿದಂತಾಗುತ್ತಿತ್ತು. ಹೇಳದಿದ್ದರೆ ಮುಂದಿನ ವಾರ ಒಂದು ತಂಡದ ತಂಡವೇ ಆ ಕಲ್ಲಿನ ಮೇಲೆ ಕೂರುತ್ತಿತ್ತು. ಚಾಲಕ ಬಾಯಿಬಿಡುವವನಲ್ಲ, ಅವನಿಗೆ ಸಂಬಳದ ಭಯ. ಬೇಡಮ್ಮ ಯಜಮಾನರ ಮುಂದೆ ನಿಂತು ತಮಗೆ ತಿಳಿದ ಒಂದೇ ಪದವನ್ನು ಹೇಳಿದರು.

“ಯಾಕೆ ಬೇಡ? ಕಾರಣ ಹೇಳಮ್ಮ,” ಎಂದರು ಯಜಮಾನರು. “ನಿಮ್ಮ ಅತ್ತೆಯವ್ರೇ ಇಷ್ಟು ಖುಷಿಯಾಗಿದಾರಲ್ಲ.”

“ಇಳಿಸೋಕೂ ಜನ ಹೇಳಾಗಿದೆ ಈಗ,” ಎಂದರು ಅಳಿಯದೇವರು ಬೇಗ ಬೇಗ. “ಆ... ಇನ್ನೊಂದು ವಿಷಯಕ್ಕೂ ದಾರಿ ಮಾಡಿದೀನಿ. ಟಿಕೆಟ್ ಜೊತೆಯಲ್ಲೇ ಸೂಚನೆ ಹೋಗುತ್ತೆ. ಹಿಂದಿನ ಸಂಜೆಯಿಂದ ಯಾರೂ ನೀರು ಕುಡೀಬಾರದು ಅಂತ.”

ಬೇಡಮ್ಮ ಹೊರಗೆ ಹೋಗಿ ಕಚೇರಿಯ ಹಿಂದಿನ ಚರಂಡಿಯ ಬಳಿ ವಾಂತಿ ಮಾಡಿಕೊಂಡರು. ಬೆಳಿಗ್ಗೆ ತಿಂದದ್ದರಲ್ಲಿ ಯಾವ ದೋಷವೂ ಇರಲಿಲ್ಲ.

ಮನೆಯಲ್ಲಿ ಅತ್ತೆ ಆಗಲೇ ಪಕ್ಕದಮನೆಯವಳ ಫೋನಿನಲ್ಲಿ ವಿಡಿಯೋ ನೋಡಿದ್ದರು. “ಚೆನ್ನಾಗೇ ಬಂದಿದೀನಲ್ವೇನೇ?” ಎಂದರು, ದನಿಯಲ್ಲಿ ನಾಚಿಕೆಯೂ ಇತ್ತು, ಹಿಗ್ಗೂ ಇತ್ತು. ಬೇಡಮ್ಮ ನೀರಿನ ಸೂಚನೆಯ ಸಂಗತಿ ಹೇಳಿದರು. ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಂದ ಬಿದ್ದುಹೋಯಿತು.

ಅತ್ತೆಯ ಮುಖದ ಹಿಗ್ಗು ಇಳಿಯಿತು.

“ಕೆಲಸಕ್ಕೆ ಇದ್ದಷ್ಟು ಕಾಲ ನಾನು ಬೆಳಿಗ್ಗೆ ನೀರು ಕುಡೀಲಿಲ್ಲ,” ಎಂದರು. “ಅಲ್ಲಿ ಮೆಟ್ಟಿಲಿಲ್ಲದ ಟಾಯ್ಲೆಟ್ ಇರ್ಲಿಲ್ಲ. ಯಾರಿಗೂ ಹೇಳ್ಲಿಲ್ಲ. ನಾಲಿಗೆ ಒಣಗಿ ಅಂಟ್ತಿತ್ತು, ಆದ್ರೂ ನಮಸ್ಕಾರ ನಮಸ್ಕಾರ ಅಂತ ಲೈನ್ ಕೊಡ್ತಿದ್ದೆ. ಅದು ನಾನು ನನಗೆ ಹಾಕ್ಕೊಂಡಿದ್ದು. ಈ ಬೇವರ್ಸಿ ಅದನ್ನ ಟಿಕೆಟ್ಟಲ್ಲಿ ಅಚ್ಚು ಹಾಕಿಸ್ತಾನಾ?” ಅವರು ಕುರ್ಚಿ ತಿರುಗಿಸಿದರು. “ನನ್ನ ಒಳ್ಳೆ ಸೀರೆ ತೆಗಿ.”

ಮರುದಿನ ಕಚೇರಿಯ ಗಾಜಿನ ಕೋಣೆಯಲ್ಲಿ ಎಲ್ಲರೂ ಇದ್ದರು. ಅಳಿಯದೇವರು ಚಪ್ಪಾಳೆಯೊಂದಿಗೇ ಎದ್ದರು: “ನಮ್ಮ ತಾರೆ ಬಂದ್ರು!”

“ಕೂತ್ಕೋ,” ಎಂದರು ಅತ್ತೆ. “ನಾನು ನಿಂತು ಮಾತಾಡೋಕಾಗಲ್ಲ, ನೀನಾದ್ರೂ ಕೂತು ಕೇಳು. ಆ ವಿಡಿಯೋದಲ್ಲಿ ನಾನು ನಗ್ತಿದೀನಲ್ಲ, ಅದು ಸುಳ್ಳಲ್ಲ. ಚೆನ್ನಾಗಿತ್ತು. ಆದ್ರೆ ಅರ್ಧಕ್ಕೇ ನಿಲ್ಲಿಸಿದೀಯ. ಆಮೇಲೆ ನಾನು ಅಲ್ಲೇ ಕೂತು ಸೀರೆಯಲ್ಲೇ ಉಚ್ಚೆ ಹೊಯ್ಕೊಂಡೆ. ಅದನ್ನೂ ಹಾಕು.”

ಕೋಣೆಯಲ್ಲಿದ್ದವರು ನೆಲ ನೋಡಿದರು. ಯಜಮಾನರ ಕೈ ಕನ್ನಡಕಕ್ಕೆ ಹೋಯಿತು. “ಅಮ್ಮಾ, ಇದೆಲ್ಲ... ಹತ್ತು ಜನರ ಮುಂದೆ ಇಂಥ ಮಾತು...”

“ಹತ್ತು ಜನರ ಮುಂದೆ ಹೊಯ್ಕೋಬಹುದು, ಹೇಳ್ಬಾರದಾ?”

“ಅದೊಂದು ಆಕಸ್ಮಿಕ ಆಂಟಿ,” ಎಂದರು ಅಳಿಯದೇವರು.

“ಆಕಸ್ಮಿಕ ಹೇಗಾಗುತ್ತಪ್ಪ, ದಿನಾ ಬರುತ್ತಲ್ಲ. ನಿನಗೆ ಬರಲ್ವಾ? ಡಾಕ್ಟರಿಗೆ ತೋರಿಸು.”

ಚಾಲಕನ ಗಂಟಲಿನಿಂದ ಒಂದು ಸದ್ದು ಹೊರಟಿತು. ಕೆಮ್ಮೆಂದು ತೋರಿಸಲು ಹೋಗಿ ಇನ್ನಷ್ಟು ಕೆಡಿಸಿಕೊಂಡ. ಅತ್ತೆ ನಗಲಿಲ್ಲ. ಅವರ ಕುತ್ತಿಗೆಯವರೆಗೂ ಕೆಂಪೇರಿತ್ತು. ಮಡಿಲಲ್ಲಿದ್ದ ಕೈಗಳು ಒಳ್ಳೆ ಸೀರೆಯ ಸೆರಗನ್ನು ಹಿಂಡುತ್ತಿದ್ದವು. ಆ ಕೈಗಳನ್ನು ಕೋಣೆಯಲ್ಲಿ ನೋಡುತ್ತಿದ್ದವರು ಬೇಡಮ್ಮ ಒಬ್ಬರೇ. ಬೇರೆಯವರೆಲ್ಲ ನೋಡುತ್ತಿದ್ದದ್ದು ಕುರ್ಚಿಯ ಕುಷನ್ನನ್ನು.

ಯಜಮಾನರು ಕೊನೆಗೆ ಮಾತಾಡಿದರು. ಕ್ಷಮೆಯ ಮಾತು ಬರಲಿಲ್ಲ. “ಹಡಗಿನವರಿಗೆ ಹೀಗೆಲ್ಲ ಆಯ್ತು ಅಂತ ಗೊತ್ತಾದ್ರೆ ನಮ್ಮ ಗುತ್ತಿಗೆ ಹೋಗುತ್ತೆ. ವ್ಯಾನಿನ ಸೀಟೂ ಹೊಸದು, ಹಾಳಾಗುತ್ತೆ. ತೆಗೆದುಹಾಕಿ ಆ ಪಲ್ಲಕ್ಕಿನ.” ಅಳಿಯದೇವರು ಪರದೆ ಆರಿಸಿದರು. ಸರಿಯಾದ ಕೆಲಸವೊಂದು ಇಷ್ಟು ಕೊಳಕು ಕಾರಣಕ್ಕೆ ಆಗುವುದನ್ನು ಕಂಡಾಗ ಸಮಾಧಾನಪಡಬೇಕೋ ಉಗಿಯಬೇಕೋ ತಿಳಿಯುವುದಿಲ್ಲ. ಹೊರಗೆ ಬಂದ ಮೇಲೆ ಅತ್ತೆ ಉಗಿದರು, ನಿಜವಾಗಿಯೇ, ಕಚೇರಿಯ ತೊಳೆದ ಮೆಟ್ಟಿಲ ಮೇಲೆ.

ಹಡಗು ಬಂದ ದಿನ ಬೇಡಮ್ಮ ತಂಡವನ್ನು ಬಂದರುಕಟ್ಟೆಯ ಉದ್ದಕ್ಕೂ, ಮೀನಿನ ಹರಾಜು ಕಟ್ಟೆಗೆ, ಹಗ್ಗ ಹೊಸೆಯುವ ಹಳೆಯ ಕಾರ್ಖಾನೆಗೆ ಕರೆದೊಯ್ದರು. ಎಲ್ಲವೂ ಸಮತಟ್ಟು, ಕಾರ್ಖಾನೆಯಲ್ಲಿ ಬಾಗಿಲು ಅಗಲವಾದ, ಆ ಬೆಳಿಗ್ಗೆಯೇ ತಾವು ನಿಂತು ತೊಳೆಸಿದ ಒಂದು ಶೌಚಾಲಯ. ಅಳಿಯದೇವರು ಹಡಗಿನ ಬಾಗಿಲಲ್ಲಿ ನಿಂತು ಪ್ರತಿಯೊಬ್ಬರ ಬೆನ್ನು ತಟ್ಟಿ “ನೀವು ನಮಗೆ ಸ್ಫೂರ್ತಿ” ಎನ್ನುತ್ತಿದ್ದರು. ಬೆನ್ನು ತಟ್ಟಿಸಿಕೊಂಡ ಮುದುಕರೊಬ್ಬರು, ವೃತ್ತಿಯಿಂದ ನಕ್ಷೆ ಬರೆಯುತ್ತಿದ್ದವರಂತೆ, ಬೇಡಮ್ಮನ ಕಡೆ ತಿರುಗಿ “ಇವನಿಗೇನು ರೋಗ?” ಎಂದು ಕೇಳಿದರು.

ಕಟ್ಟೆಯ ತುದಿಯಲ್ಲಿ ಅದೇ ಮುದುಕರು ಕುರ್ಚಿ ನಿಲ್ಲಿಸಿ ಗುಡ್ಡ ತೋರಿಸಿದರು. “ಅಲ್ಲಿ ಮೇಲೆ ಏನಿದೆ?”

ಈ ಪ್ರಶ್ನೆಗೆ ಬೇಡಮ್ಮ ಅಲ್ಲಿಯವರೆಗೆ ನೂರಾರು ಪ್ರವಾಸಿಗಳಿಗೆ ಹೇಳುತ್ತಿದ್ದದ್ದು “ಅಂಥದ್ದೇನಿಲ್ಲ” ಎಂದು. ಅದನ್ನು ಅವರು ದಯೆಯೆಂದು ಭಾವಿಸಿದ್ದರು. ಆ ಬೆಳಿಗ್ಗೆ ಆ ವಾಕ್ಯ ನಾಲಿಗೆಯ ಮೇಲೆ ಬಂದು, ಹಳಸಿದ ರುಚಿ ಕೊಟ್ಟು, ಅಲ್ಲೇ ನಿಂತಿತು.

“ತುಂಬಾ ಚೆನ್ನಾಗಿದೆ,” ಎಂದರು. “ಹಡಗು ಬರೋದು ಮೊದಲಿಂದ ಕಾಣುತ್ತೆ. ನಿಮ್ಮನ್ನ ಕರ್ಕೊಂಡು ಹೋಗೋ ದಾರಿ ನಾವು ಮಾಡಿಲ್ಲ.”

ಮುದುಕರು ಅವರನ್ನು ನೋಡಿದ ನೋಟದಲ್ಲಿ ಕೃತಜ್ಞತೆಯಿರಲಿಲ್ಲ. “ಗುಡ್ಡ ಎಷ್ಟು ಕಾಲದಿಂದ ಇಲ್ಲಿದೆ?”

“ಮೊದಲಿಂದಲೂ.”

“ಊರು?”

“ಅದೂ ಬಹಳ ಹಳೇದು.”

“ಮತ್ತೆ ಇಷ್ಟು ದಿನ ಏನು ಮಾಡ್ತಿದ್ರಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ, ತಮ್ಮ ಚಕ್ರಗಳನ್ನು ತಾವೇ ತಳ್ಳಿಕೊಂಡು ಮುಂದೆ ಹೋದರು. ತಳ್ಳಲು ಚಾಚಿದ ಬೇಡಮ್ಮನ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಉಳಿಯಿತು.